ಬೆರಿಲ್ ಇಟ್ಟ ಕೀಲಿಕೈ

ನಿಯತ್ತಿನ ಜನರ ಪಕ್ಕದ ಮನೆಯಲ್ಲಿ ಬಾಳುವುದು ಎಷ್ಟು ಕಷ್ಟ ಎಂದು ಯಾರಾದರೂ ಕೇಳಿದರೆ ನಾನು ಬೆರಿಲ್ ಪಿಲ್ಲಿಂಗ್ ಕಥೆ ಹೇಳುತ್ತೇನೆ. ಪಕ್ಕದವರು ಕಳ್ಳರಾದರೆ ಬೀಗ ಹಾಕಿಕೊಂಡು ಮಲಗಬಹುದು. ಇಂಥವರಾದರೆ ಮೈ ಪರಚಿಕೊಳ್ಳುವುದೊಂದೇ ದಾರಿ.

ನಮ್ಮ ಮನೆಗೂ ಪಿಲ್ಲಿಂಗ್ ದಂಪತಿಗಳ ಮನೆಗೂ ನಡುವೆ ಒಂದೇ ಗೋಡೆ. ಹೋಲ್ಡನ್‌ಶಾದಲ್ಲಿ ಹತ್ತಿ ಮಿಲ್ಲುಗಳ ಕಾಲದಲ್ಲಿ ಕಟ್ಟಿದ ಸಾಲುಮನೆಗಳೆಲ್ಲ ಹಾಗೇ. ನಮ್ಮ ಯಜಮಾನರಿಗೆ ಇಂಗ್ಲೆಂಡಿನ ಈ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ, ನಾನೂ ಅಲ್ಲೇ ನರ್ಸಾಗಿ, ಈ ಕಥೆ ನಡೆದ ಎರಡು ಸಾವಿರದ ಮೂರನೇ ಇಸವಿಗೆ ನಾವು ದಾವಣಗೆರೆ ಬಿಟ್ಟು ಇಪ್ಪತ್ತೆಂಟು ವರ್ಷವಾಗಿತ್ತು. ಬಂದ ಮೊದಲ ಶನಿವಾರವೇ ಬೆರಿಲ್ ಬಾಗಿಲು ತಟ್ಟಿ, ಹಸಿರು ಬಿಳಿ ಪಟ್ಟೆಯ ಮಫ್ಲರ್ ಒಂದನ್ನು ನನ್ನ ಕುತ್ತಿಗೆಗೆ ಸುತ್ತಿ, ಟ್ಯಾನರ್ಸ್ ಲೇನಿನ ಫುಟ್‌ಬಾಲ್ ಮೈದಾನಕ್ಕೆ ಕರೆದುಕೊಂಡು ಹೋಗಿದ್ದಳು. ಹೋಲ್ಡನ್‌ಶಾ ಟೌನ್ ತಂಡ ಅವತ್ತು ಮೂರು ಗೋಲುಗಳಿಂದ ಸೋತಿತು. ಆಮೇಲೂ ಸೋಲುತ್ತಲೇ ಬಂತು. ಆದರೂ ಹೋಗುವುದನ್ನು ನಾನು ಬಿಡಲಿಲ್ಲ. ಈ ಊರಲ್ಲಿ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಮನೆಯಲ್ಲಿದ್ದರೆ ಏನೋ ಕಾಯಿಲೆ ಎಂದು ತಿಳಿಯುತ್ತಾರೆ.

ಬೆರಿಲ್ ಆ ಕ್ಲಬ್ಬಿನ ಕಾರ್ಯದರ್ಶಿ. ಇಪ್ಪತ್ನಾಲ್ಕನೇ ವಯಸ್ಸಿಗೆ ಟೈಪು ಮಾಡಲು ಸೇರಿದವಳು ಮೂವತ್ತೊಂದು ವರ್ಷದಲ್ಲಿ ಆರು ಜನ ಮಾಲೀಕರನ್ನು ನೋಡಿದ್ದಳು. ಗಿಡ್ಡ ಹೆಂಗಸು. ದಪ್ಪ ಕನ್ನಡಕ. ಸೊಂಟದಲ್ಲಿ ಜೈಲಿನ ವಾರ್ಡನ್ ಹಾಗೆ ಕೀಲಿಕೈ ಗೊಂಚಲು. ಕಚೇರಿಯ ಪೆನ್ಸಿಲ್ ಒಂದನ್ನು ಮನೆಗೆ ತಂದವಳಲ್ಲ. ಕ್ಲಬ್ಬಿನಲ್ಲಿ ತಾನು ಕುಡಿದ ಚಹಾಕ್ಕೆ ತಾನೇ ಡಬ್ಬಿಗೆ ಚಿಲ್ಲರೆ ಹಾಕುತ್ತಿದ್ದಳು. ಅವಳಿಗೆ ಪ್ರತಿ ಪಂದ್ಯಕ್ಕೂ ಎರಡು ಉಚಿತ ಟಿಕೆಟ್ ಸಿಗುತ್ತಿದ್ದರೂ ಅವಳ ಗಂಡ ಕ್ಲಿಫ್ ಮಳೆಯಲ್ಲಿ ಸಾಲು ನಿಂತು ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳುತ್ತಿದ್ದ. ಅವನೇನು ಕಡಿಮೆಯವನಲ್ಲ. ಹದಿನೇಳನೇ ನಂಬರಿನ ಬಸ್ಸನ್ನು ಇಪ್ಪತ್ತಾರು ವರ್ಷ ಓಡಿಸಿ ನಿವೃತ್ತನಾದವನು. ಆ ಬಸ್ಸಿಗೆ ಬೆರಿಲ್ ಹತ್ತಿದರೆ ಊರವರ ಎದುರಿಗೆ ಅವಳಿಗೂ ಟಿಕೆಟ್ ಹರಿದು ಕೊಟ್ಟು, ಚಿಲ್ಲರೆ ಎಣಿಸಿಕೊಳ್ಳುತ್ತಿದ್ದ. ದೇವರು ಜೋಡಿಯನ್ನು ಹುಡುಕಿ ಹುಡುಕಿ ಕಟ್ಟಿದ್ದ.

ಆ ವರ್ಷದ ಮಾರ್ಚಿನಲ್ಲಿ ಕ್ಲಬ್ಬು ಮುಳುಗಿತು. ಆರನೇ ಮಾಲೀಕ ಅಡುಗೆಮನೆ ಕಪಾಟು ಮಾರುವ ವ್ಯಾಪಾರಿ. ಮೇಲಿನ ದರ್ಜೆಗೆ ಏರುವ ಹುಚ್ಚಿನಲ್ಲಿ ಸಿಕ್ಕ ಸಿಕ್ಕ ಆಟಗಾರರಿಗೆಲ್ಲ ಕೈಗೆಟುಕದ ಸಂಬಳ ಒಪ್ಪಿಕೊಂಡು, ಕೊನೆಗೆ ಕೈ ಎತ್ತಿದ. ಕೋರ್ಟು ಕ್ಲಬ್ಬನ್ನು ಒಬ್ಬ ಆಡಳಿತಾಧಿಕಾರಿಯ ಕೈಗೆ ಕೊಟ್ಟಿತು. ಸಾಲ ಕೊಟ್ಟವರನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿ, ಹೊಸ ಮಾಲೀಕ ಸಿಗುವವರೆಗೆ ಅಂಗಡಿ ನಡೆಸುವುದು ಅವನ ಕೆಲಸ. ಲಾಂಗ್‌ಡೆನ್ ಎಂದು ಹೆಸರು. ಮ್ಯಾಂಚೆಸ್ಟರಿನವನು, ಎತ್ತರದ ಆಳು, ಗ್ರಂಥಾಲಯದಲ್ಲಿ ಕೂತವನ ಹಾಗೆ ಮೆಲ್ಲಗೆ ಮಾತಾಡುತ್ತಿದ್ದ. ಮೊದಲ ದಿನವೇ ಮೆಲ್ಲಗೆ ಮಾತಾಡುತ್ತಲೇ ಇಪ್ಪತ್ತೆರಡು ಜನರನ್ನು ಮನೆಗೆ ಕಳಿಸಿದ. ಉಳಿಸಿಕೊಂಡದ್ದು ಮೈದಾನದ ಹುಲ್ಲು ನೋಡಿಕೊಳ್ಳುವವನನ್ನು ಮತ್ತು ಬೆರಿಲ್‌ಳನ್ನು. ಎಲ್ಲ ಬಾಗಿಲುಗಳ ಬೀಗ ಬದಲಾಯಿಸಿ ಹೊಸ ಗೊಂಚಲನ್ನು ಅವಳ ಕೈಗೆ ಕೊಟ್ಟ. ಜೊತೆಗೆ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ಕ್ಲಬ್ಬು ಕೊಳ್ಳಲು ಬರುವವರ ವಿಷಯ, ಅವರಿಗೆ ಹೋಗುವ ಬರುವ ಪತ್ರಗಳ ವಿಷಯ ಯಾರ ಹತ್ತಿರವೂ ಬಾಯಿಬಿಡುವಂತಿಲ್ಲ ಎಂದು.

ಅವಳು ಸಹಿ ಹಾಕಿ ಬಂದ ವಾರದೊಳಗೆ ಅಭಿಮಾನಿಗಳೆಲ್ಲ ಚರ್ಚಿನ ಸಭಾಂಗಣದಲ್ಲಿ ಸೇರಿ, ಕಂಡವರ ಕೈಗೆ ಯಾಕೆ ಕೊಡಬೇಕು, ನಾವೇ ಚಂದಾ ಎತ್ತಿ ಕೊಳ್ಳೋಣ ಎಂದು ತೀರ್ಮಾನಿಸಿದರು. ಅಭಿಮಾನಿಗಳ ಸಂಘ ಮೊದಲಿನಿಂದಲೂ ಇತ್ತು. ಪ್ರೇಕ್ಷಕರು ಕೂರುವ ಸ್ಟ್ಯಾಂಡಿನ ಹಿಂದೆ ಬೀದಿಗೆ ಬಾಗಿಲಿದ್ದ ಒಂದು ಮರದ ಶೆಡ್ಡಿನಲ್ಲಿ ಮಫ್ಲರ್, ಹಳೆಯ ಪಂದ್ಯಗಳ ಪುಸ್ತಿಕೆ ಮಾರಿಕೊಂಡಿತ್ತು. ಈಗ ಅದಕ್ಕೊಬ್ಬ ಅಧ್ಯಕ್ಷ ಬೇಕು. ಯಾರೂ ಕೈ ಎತ್ತಲಿಲ್ಲ. ಎಲ್ಲರೂ ಕ್ಲಿಫ್ ಕಡೆ ನೋಡಿದರು. ಅವನು ಕೈ ಎತ್ತಿದ.

ಹೀಗಾಗಿ ಒಂದೇ ಮನೆಯಲ್ಲಿ, ಒಂದೇ ಊಟದ ಮೇಜಿನ ಆ ಬದಿಗೆ ಮಾರುವವರ ಗುಟ್ಟು ಕಾಯುವವಳು, ಈ ಬದಿಗೆ ಕೊಳ್ಳಲು ಹೊರಟವನು. ಬೇರೆ ಯಾರಾದರೂ ಆಗಿದ್ದರೆ ಹಾಸಿಗೆಯಲ್ಲಿ ಪಿಸುಗುಟ್ಟಿ ಎರಡು ದಿನದಲ್ಲಿ ವ್ಯವಹಾರ ಮುಗಿಸುತ್ತಿದ್ದರು. ಇವರಿಬ್ಬರೂ ಕೂತು ಒಂದು ನಿಯಮ ಮಾಡಿಕೊಂಡರು. ಮನೆಯ ಹೊಸ್ತಿಲೊಳಗೆ ಕ್ಲಬ್ಬಿನ ಮಾತಿಲ್ಲ. ಅವತ್ತಿನಿಂದ ಗೋಡೆಯಾಚೆ ಬರೀ ಮಳೆಯ ಮಾತು, ಹಿತ್ತಿಲ ಬಟಾಣಿ ಬಳ್ಳಿಯ ಮಾತು. ಮೂವತ್ತೆಂಟು ವರ್ಷ ಸಂಸಾರ ಮಾಡಿದವರು ರೈಲಿನಲ್ಲಿ ಎದುರುಬದುರು ಕೂತ ಅಪರಿಚಿತರ ಹಾಗೆ ಮಾತಾಡುವುದನ್ನು ಕೇಳಿ ಕೇಳಿ ನನಗೆ ರೇಗುತ್ತಿತ್ತು.

ಸಂಘದ ಸಭೆಯನ್ನು ಅವನ ಮನೆಯಲ್ಲಿ ಮಾಡುವಂತಿಲ್ಲವಲ್ಲ, ನಮ್ಮ ಮುಂದಿನ ಕೋಣೆಯಲ್ಲಿ ಮಾಡುತ್ತಿದ್ದರು. ನಾನು ಒಗ್ಗರಣೆ ಅವಲಕ್ಕಿ ಮಾಡಿಕೊಡುತ್ತಿದ್ದೆ. ಹಸಿಮೆಣಸಿನಕಾಯಿ ಆರಿಸಿ ತಟ್ಟೆಯ ಅಂಚಿಗಿಟ್ಟು ತಿನ್ನುತ್ತಿದ್ದರು, ಊರಿನ ಭವಿಷ್ಯ ಮಾತಾಡುತ್ತಿದ್ದರು. ಒಂದು ಸಂಜೆ ಸಂಘದ ವಿಳಾಸದ ಪ್ರಶ್ನೆ ಬಂತು. ಶೆಡ್ಡಿಗೂ ಲಾಂಗ್‌ಡೆನ್ ಬೀಗ ಜಡಿದಿದ್ದ. ಕ್ಲಿಫ್ ಮನೆಯ ವಿಳಾಸ ಕೊಡೋಣ ಎಂದರೆ ಅವನು ಬಿಲ್‌ಕುಲ್ ಒಪ್ಪಲಿಲ್ಲ. ಬೆರಿಲ್ ಕಳಿಸಿದ ಕಾಗದ ಬೆರಿಲ್ ಮನೆಗೇ ಬಂದರೆ ನಾಳೆ ನಾಲ್ಕು ಜನ ಏನಂದಾರು ಎಂದ. ಹಾಗಾದರೆ ನಮ್ಮ ಮನೆಯದು ಕೊಡಿ ಎಂದೆ.

ಅವನು ಗೋಡೆಯ ಕಡೆ ಬೆರಳು ತೋರಿಸಿ, "ಒಂದೇ ಗೋಡೆ ಅಲ್ವಾ, ಇಂದು. ಎರಡೂ ಒಂದೇ ಆಯ್ತು," ಎಂದ.

ನನ್ನ ಪೂರ್ತಿ ಹೆಸರು ಇಂದುಮತಿ. ಹತ್ತಾರು ಜನರಿದ್ದ ಆ ಸಭೆಯಲ್ಲಿ ಒಬ್ಬನಾದರೂ ನಗುತ್ತಾನೇನೋ ಎಂದು ನೋಡಿದೆ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಸಂಘದ ನೋಂದಣಿ ರಿಜಿಸ್ಟರಿನಲ್ಲಿದ್ದ ಶೆಡ್ಡಿನ ವಿಳಾಸವೇ ಇರಲಿ, ಅಲ್ಲಿ ಬೀಳುವ ಟಪಾಲನ್ನು ತೆಗೆದು ತಲುಪಿಸಿ ಎಂದು ಲಾಂಗ್‌ಡೆನ್‌ಗೆ ಬರೆಯೋಣ ಎಂದಾಯಿತು. ಅವನು ಒಪ್ಪಿದ. ಆದರೆ ಬೆರಿಲ್ ಸಂಘದ ಟಪಾಲನ್ನು ಮುಟ್ಟಬಾರದು, ತನ್ನ ಕಚೇರಿಯವನೇ ವಾರಕ್ಕೊಮ್ಮೆ ಬಂದು ಶೆಡ್ಡು ತೆರೆದು ನೋಡುತ್ತಾನೆ ಎಂದ. ಆ ಕಚೇರಿಯವನು ಏಪ್ರಿಲಿನಲ್ಲಿ ಎರಡು ಸಲ ಬಂದ. ಆಮೇಲೆ ಬರಲಿಲ್ಲ. ಕಾಗದ ಬರೆಯುವವರಿಲ್ಲದ್ದಕ್ಕೆ ಬರುತ್ತಿಲ್ಲ ಎಂದು ಸಂಘದವರು ತಿಳಿದುಕೊಂಡರು.

ಅಷ್ಟರಲ್ಲಿ ಕೊಳ್ಳುವವರು ಬರತೊಡಗಿದರು. ನಮ್ಮ ಕಡೆ ಹೆಣ್ಣು ನೋಡಲು ಬರುವವರನ್ನು ನೆನೆಸಿಕೊಳ್ಳಿ, ಅದೇ ಠೀವಿ. ಅವರು ಬರುವ ದಿನ ಹುಲ್ಲು ಕತ್ತರಿಸಬೇಕು, ಮುರಿದ ಕುರ್ಚಿಗಳ ಮೇಲೆ ಬಾವುಟ ಹೊದಿಸಬೇಕು, ಬೆರಿಲ್ ಮಾಂಸ ತುಂಬಿದ ಪೈ ಬಿಸಿಮಾಡಿ ಚಹಾ ಇಡಬೇಕು. ಒಬ್ಬ ಬಂದು ಆಟದ ಮೈದಾನವನ್ನು ಬಿಟ್ಟು ಅದರ ಸುತ್ತಲಿನ ಜಾಗವನ್ನು ಹೆಜ್ಜೆ ಹಾಕಿ ಅಳೆದು ಹೋದ. ಇನ್ನೊಬ್ಬನಿಗೆ ಕ್ಲಬ್ಬಿನ ಹೆಸರು ಹಿಡಿಸಲಿಲ್ಲ, ಬಣ್ಣವೂ ಹಿಡಿಸಲಿಲ್ಲ. ಮತ್ತೊಬ್ಬ ಮೂರು ಪೈ ತಿಂದು, ತಂಡ ಗೆದ್ದ ಕಪ್ಪುಗಳಿಟ್ಟಿದ್ದ ಗಾಜಿನ ಕಪಾಟಿನ ಮುಂದೆ ಫೋಟೋ ತೆಗೆಸಿಕೊಂಡು, ತಿಳಿಸುತ್ತೇನೆ ಎಂದು ಹೋದವನು ಪತ್ತೆಯಿಲ್ಲ. ಇವೆಲ್ಲ ಹುಲ್ಲು ನೋಡಿಕೊಳ್ಳುವವನು ಹೊರಗೆ ಹೇಳಿದ್ದು. ಬೆರಿಲ್ ಬಾಯಿಗೆ ಬೀಗ ಬಿದ್ದಿತ್ತು. ಅವಳು ಸಂಜೆ ಬಂದು ಕೋಟು ತೆಗೆಯದೇ ನಮ್ಮ ಅಡುಗೆಮನೆಯಲ್ಲಿ ಸುಮ್ಮನೆ ಕೂತು, ನಾನು ಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದಳು. ಒಂದು ದಿನ ಮಾತ್ರ, ಮನುಷ್ಯರು ಪೈ ತಿನ್ನುವ ರೀತಿ ನೋಡಿದರೆ ಅವರು ಕ್ಲಬ್ಬು ಕೊಳ್ಳುತ್ತಾರೋ ಇಲ್ಲವೋ ಗೊತ್ತಾಗುತ್ತದೆ ಎಂದಳು. ಅದನ್ನು ಹೇಳಿದ್ದಕ್ಕೂ ಆಮೇಲೆ ಪೇಚಾಡಿಕೊಂಡಳು.

ಮುಂದಿನದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಆದರೆ ಇಲ್ಲೇ ಹೇಳಬೇಕು.

ಜೂನ್ ಎರಡನೇ ತಾರೀಖು ಸೋಮವಾರ ಲಾಂಗ್‌ಡೆನ್ ಒಂದು ಪತ್ರ ಬರೆಸಿದ. ಕೊಳ್ಳಲು ನಿಂತಿರುವ ಎಲ್ಲರಿಗೂ ಅದೇ ಪತ್ರ. ಹದಿಮೂರನೇ ತಾರೀಖು ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಮುಚ್ಚಿದ ಲಕೋಟೆಯಲ್ಲಿ ಬೆಲೆ ಬರೆದು ಕೊಡಬೇಕು. ಜೊತೆಗೆ, ಆ ದುಡ್ಡು ಈಗಾಗಲೇ ಖಾತೆಯಲ್ಲಿದೆ ಎಂದು ಬ್ಯಾಂಕು ಬರೆದುಕೊಟ್ಟ ಪತ್ರ ಇಡಬೇಕು. ಕೊಡುತ್ತೇವೆ ಎಂದು ಜನ ಮಾತು ಕೊಟ್ಟ ಹಣ ಲೆಕ್ಕಕ್ಕಿಲ್ಲ. ಬ್ಯಾಂಕಿನ ಪತ್ರ ಇಲ್ಲದ ಲಕೋಟೆ ಅಪೂರ್ಣ, ಅದನ್ನು ಪಕ್ಕಕ್ಕಿಡಲಾಗುವುದು.

ದಿನಾಂಕ, ವೇಳೆ ಎಲ್ಲ ಊರ ಪತ್ರಿಕೆಯಲ್ಲಿ ಬಂದಿತ್ತು. ಬ್ಯಾಂಕಿನ ಪತ್ರದ ಮಾತು ಇದ್ದದ್ದು ಇದರಲ್ಲಿ ಮಾತ್ರ. ಸಂಘದ ಹತ್ತಿರ ಇದ್ದದ್ದು ಅರ್ಧ ನಗದು, ಅರ್ಧ ಜನರ ಮಾತು. ನಾಲ್ಕು ಸಾವಿರ ಜನ ಸಹಿ ಹಾಕಿ, ಕ್ಲಬ್ಬು ನಮ್ಮದಾದ ದಿನ ಕೊಡುತ್ತೇವೆ ಎಂದಿದ್ದರು. ಒಂದು ವಾರ ಮೊದಲು ಗೊತ್ತಾಗಿದ್ದರೆ ಅವರೆಲ್ಲ ಕೊಟ್ಟೇ ಬಿಡುತ್ತಿದ್ದರು. ಈ ಊರಿನ ಜನ ಅಂಥವರು, ನನಗೆ ಗೊತ್ತು. ನಾನೂ ಅವರಲ್ಲೊಬ್ಬಳು.

ಪತ್ರ ಟೈಪು ಮಾಡಿದವಳು ಬೆರಿಲ್. ವಿಳಾಸ ಮುದ್ರಿಸುವ ಯಂತ್ರವನ್ನು ಬಾಡಿಗೆಗೆ ಕೊಟ್ಟವರು ವಾಪಸು ಒಯ್ದಿದ್ದರಿಂದ ಲಕೋಟೆಗಳ ಮೇಲೆ ಕೈಯಲ್ಲೇ ಬರೆದಳು. ನಾಲ್ಕನೆಯದರ ಮೇಲೆ ಸಂಘದ ಹೆಸರು ಬರೆದು, ರಿಜಿಸ್ಟರು ನೋಡಿ ಶೆಡ್ಡಿನ ವಿಳಾಸ ಬರೆಯುವಾಗ ಪೆನ್ನು ನಿಂತಿತು. ಆ ಶೆಡ್ಡಿನ ಬಾಗಿಲು ಏಪ್ರಿಲಿನಿಂದ ತೆರೆದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎದ್ದು ಲಾಂಗ್‌ಡೆನ್ ಹತ್ತಿರ ಹೋಗಿ ಹೇಳಿದಳು. ತನ್ನವನನ್ನು ಕಳಿಸುತ್ತೇನೆ ಎಂದ. ಲಕೋಟೆಗಳು ಅವತ್ತೇ ಅಂಚೆಗೆ ಹೋದವು. ಗುರುವಾರದವರೆಗೂ ಯಾರೂ ಬರಲಿಲ್ಲ. ಮತ್ತೆ ಹೋಗಿ ಹೇಳಿದಳು. ಆಗ ಅವನು, ರಿಜಿಸ್ಟರಿನ ವಿಳಾಸಕ್ಕೆ ಅಂಚೆಗೆ ಹಾಕಿದರೆ ಕಾನೂನಿನ ಪ್ರಕಾರ ತಲುಪಿದಂತೆಯೇ, ಉಳಿದದ್ದು ಅವರ ತಲೆನೋವು ಎಂದು ಅದೇ ಮೆಲ್ಲನೆಯ ದನಿಯಲ್ಲಿ ಹೇಳಿದ. ಆ ಸಂಘದ ಅಧ್ಯಕ್ಷ ನಿನ್ನ ಗಂಡ ಅಲ್ಲವೇ, ನೀನು ಸಹಿ ಹಾಕಿದ ಕಾಗದ ನೆನಪಿದೆ ತಾನೇ ಎಂದೂ ಕೇಳಿದ.

ಆ ರಾತ್ರಿ ಅವಳು ಎಷ್ಟು ಹೊರಳಾಡಿದಳೋ. ಶುಕ್ರವಾರ ಬೆಳಿಗ್ಗೆ, ಇನ್ನೂ ಒಂದು ವಾರ ಉಳಿದಿರುವಾಗ, ಬೆರಿಲ್ ತನ್ನ ಜೀವಮಾನದ ಮೊದಲ ತಪ್ಪು ಮಾಡಿದಳು. ಗೊಂಚಲಿನಿಂದ ಶೆಡ್ಡಿನ ಕೀಲಿಕೈ ಬಿಡಿಸಿ, ಕ್ಲಿಫ್‌ನ ಮೊಟ್ಟೆಯ ತಟ್ಟೆಯ ಪಕ್ಕ, ಚಮಚ ಇಡುವ ಜಾಗದಲ್ಲಿ ಇಟ್ಟಳು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಬಾಯಿಬಿಡುವುದಿಲ್ಲ ಎಂದು ತಾನೇ ಸಹಿ ಹಾಕಿದ್ದು? ಇಟ್ಟು, ಸಿಂಕಿನ ಕಡೆ ತಿರುಗಿ ಪಾತ್ರೆ ತೊಳೆಯುತ್ತ ನಿಂತಳು. ಹಿಂದೆ ಕುರ್ಚಿ ಸರಿಯಿತು. ತಿರುಗಿ ನೋಡಿದರೆ ಕೀಲಿಕೈ ಮೇಜಿನ ಮೇಲಿರಲಿಲ್ಲ. ಕ್ಲಿಫ್ ಅವಳ ಹೆಗಲು ತಟ್ಟಿ ಹಿತ್ತಿಲಿಗೆ ಹೋದ. ಅವಳ ಎದೆಯ ಮೇಲಿನ ಕಲ್ಲು ಇಳಿಯಿತು. ಬಸ್ ನಿಲ್ದಾಣದಲ್ಲಿ ಟಿಕೆಟ್ ದುಡ್ಡಿಗೆಂದು ಕೈಚೀಲ ತೆರೆದಾಗ ಚಿಲ್ಲರೆಯ ಮೇಲೆ ಆ ಕೀಲಿಕೈ ಕೂತಿತ್ತು.

ಇನ್ನು ನಾನು ಕಣ್ಣಾರೆ ಕಂಡದ್ದು. ಅದೇ ಬೆಳಿಗ್ಗೆ ನಾನು ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಬೇಲಿಯಾಚೆ ಕ್ಲಿಫ್ ಬಟಾಣಿ ಬಳ್ಳಿಗೆ ಕಡ್ಡಿ ನೆಡುತ್ತಿದ್ದ. ಕಣ್ಣು ಕೆಂಪಾಗಿತ್ತು. ಏನಾಯಿತು ಎಂದು ಕೇಳಿದೆ.

"ಯಾರಿಗೂ ಹೇಳ್ಬೇಡ ಇಂದು," ಎಂದ. "ಪಾಪ, ಅವಳ ಕೈಲಿ ಇನ್ನು ತಡ್ಕೊಳ್ಳೋಕೆ ಆಗ್ತಿಲ್ಲ. ಇವತ್ತು ಕಚೇರಿ ಕೀಲಿಕೈ ತಂದು ನನ್ನ ತಟ್ಟೆ ಪಕ್ಕ ಇಟ್ಟಿದ್ಲು. ಹೋಗಿ ಫೈಲು ನೋಡ್ಕೋ ಅಂತ."

"ನೀವೇನು ಮಾಡಿದ್ರಿ?"

"ಅವಳ ಬ್ಯಾಗಿಗೇ ವಾಪಸ್ ಹಾಕ್ದೆ. ನನ್ನಿಂದ ಅವಳ ಹೆಸರು ಕೆಡಬಾರದು. ಕ್ಲಬ್ಬು ಹೋದ್ರೆ ಹೋಗ್ಲಿ."

ಈಗ ಕೇಳಿದರೆ ಯಾರಾದರೂ ನನ್ನನ್ನು ಹೊಡೆಯಬೇಕು. ಆ ಮನುಷ್ಯನ ಮುಖ ನೋಡಿ, ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬುಟ್ಟಿಗೆ ಹಾಕಿ, ಬೇಲಿಯ ಮೇಲಿಂದ ಅವನ ಕೈ ಹಿಡಿದು, "ಒಳ್ಳೇ ಕೆಲಸ ಮಾಡಿದ್ರಿ ಕ್ಲಿಫ್," ಎಂದೆ. ಯಾವ ಕೀಲಿಕೈ, ಯಾವ ಬಾಗಿಲಿನದು, ಯಾಕಿಟ್ಟಳು ಎಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಇಲ್ಲದ್ದಕ್ಕೆಲ್ಲ ಮೂಗು ತೂರಿಸುವವಳು ಅವತ್ತು ದೊಡ್ಡವಳ ಹಾಗೆ ಹೊಗಳಿ ಬಂದೆ. ಅದರ ಮೇಲೆ ಅವನು ಇನ್ನೊಂದು ಸಲ ಯೋಚಿಸಲೇ ಇಲ್ಲ.

ಬೆರಿಲ್ ಇನ್ನೊಂದು ಸಲ ಕೀಲಿಕೈ ಇಡಲಿಲ್ಲ. ತಾನು ಅದನ್ನು ಇಟ್ಟದ್ದು ಯಾಕೆಂದು ಅವನಿಗೆ ಅರ್ಥವಾಗಿದೆ, ಅರ್ಥವಾಗಿಯೇ ಬೇಡ ಎಂದಿದ್ದಾನೆ, ಸಂಘದವರಿಗೆ ಬೇರೆ ದಾರಿಯಿಂದ ವಿಷಯ ಗೊತ್ತಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳಂತೆ. ಕೇಳಿ ನೋಡಬಹುದಿತ್ತಲ್ಲ ಎಂದರೆ ಹೊಸ್ತಿಲೊಳಗಿನ ನಿಯಮ. ಆ ನಿಯಮಕ್ಕಿಷ್ಟು ಬೆಂಕಿ ಹಾಕ.

ಹದಿಮೂರನೇ ತಾರೀಖು ಹನ್ನೊಂದು ಇಪ್ಪತ್ತಕ್ಕೆ ಕ್ಲಿಫ್, ತನ್ನ ತಮ್ಮನ ಮಣ್ಣಿಗೆ ಹಾಕಿಕೊಂಡಿದ್ದ ಕಪ್ಪು ಸೂಟು ಹಾಕಿಕೊಂಡು, ಎದೆಗೆ ಹಸಿರು ಬಿಳಿ ರಿಬ್ಬನ್ ಚುಚ್ಚಿಕೊಂಡು ಟ್ಯಾನರ್ಸ್ ಲೇನಿನ ಕಚೇರಿಗೆ ಬಂದ. ನಾವು ನಲವತ್ತು ಐವತ್ತು ಜನ ಹಿಂದೆ. ಗಾಜಿನ ಬಾಗಿಲಿನ ಒಳಗೆ ಮೇಜಿನ ಹಿಂದೆ ಬೆರಿಲ್ ಕೂತಿದ್ದಳು. ಲಕೋಟೆಗಳನ್ನು ತೆಗೆದುಕೊಂಡು ರಸೀದಿ ಬರೆಯುವುದು ಅವಳ ಕೆಲಸ. ಅವಳ ಹಿಂದೆ ಲಾಂಗ್‌ಡೆನ್ ಕೈಕಟ್ಟಿ ನಿಂತಿದ್ದ. ನಾನು ಬಾಗಿಲಿಗೆ ಒತ್ತಿಕೊಂಡು ನಿಂತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ಯಾರ ಪರವಾಗಿ?" ಎಂದು ಬೆರಿಲ್ ಗಂಡನನ್ನು ಕೇಳಿದಳು.

"ಹೋಲ್ಡನ್‌ಶಾ ಟೌನ್ ಅಭಿಮಾನಿಗಳ ಸಂಘದ ಪರವಾಗಿ," ಎಂದ ಅವಳ ಗಂಡ.

ಅವಳು ಲಕೋಟೆ ತೆಗೆದುಕೊಂಡಳು. ಅಂಗೈ ಮೇಲಿಟ್ಟುಕೊಂಡಳು. ತೆಳ್ಳಗಿತ್ತು. ಮೂವತ್ತೊಂದು ವರ್ಷ ಲಕೋಟೆಗಳ ಜೊತೆ ಬದುಕಿದವಳಿಗೆ ಒಳಗೆ ಎಷ್ಟು ಹಾಳೆ ಇದೆ ಎಂದು ಬಿಡಿಸಿ ನೋಡಬೇಕಾಗಿರಲಿಲ್ಲ. ಗೋಡೆಯ ಗಡಿಯಾರ ನೋಡಿದಳು. ಆಮೇಲೆ ಅವನ ಮುಖ ನೋಡಿದಳು.

"ಇಷ್ಟೇನಾ?" ಎಂದಳು.

"ಇಷ್ಟೇ."

"ಇನ್ನೇನೂ ಕೊಡೋದಿಲ್ವಾ?"

ಕ್ಲಿಫ್ ನಕ್ಕ. ಅವಳ ಕಷ್ಟ ತನಗೆ ಗೊತ್ತು, ಹೆದರಬೇಡ ಎನ್ನುವಂಥ ನಗು. "ಇಲ್ಲಮ್ಮ, ಇಷ್ಟೇ," ಎಂದ.

ಅವಳು ರಸೀದಿ ಬರೆದು ಹರಿದು ಕೊಟ್ಟಳು, ಹಿಂದೆ ಅವನು ಬಸ್ಸಿನಲ್ಲಿ ಅವಳಿಗೆ ಕೊಡುತ್ತಿದ್ದ ಹಾಗೆ. ಅವನು ಹಿಡಿದುಕೊಂಡ ಮೇಲೂ ಅವಳು ರಸೀದಿಯ ತುದಿಯನ್ನು ಬೇಗ ಬಿಡಲಿಲ್ಲ. ಸಂತೋಷಕ್ಕೆ ಎಂದುಕೊಂಡೆ.

ಸೋಮವಾರ ತೀರ್ಮಾನ ಬಂತು. ಸಂಘದ ಬೆಲೆಯೇ ಎಲ್ಲರಿಗಿಂತ ಮೇಲಿತ್ತಂತೆ, ಆದರೆ ಲಕೋಟೆ ಅಪೂರ್ಣವಾಗಿದ್ದರಿಂದ ಪರಿಗಣಿಸಲಾಗಲಿಲ್ಲವಂತೆ. ಕ್ಲಬ್ಬು ರಾಡ್ನಿ ಕ್ರೂ ಎಂಬ ಕಾರು ನಿಲ್ದಾಣಗಳ ಗುತ್ತಿಗೆದಾರನ ಪಾಲಾಯಿತು. ಜಾಗವನ್ನು ಹೆಜ್ಜೆ ಹಾಕಿ ಅಳೆದಿದ್ದವನು ಅವನೇ. ಏನು ಅಪೂರ್ಣ ಎಂದು ಸಂಘದವರು ಕೇಳಿದರು. ಎರಡನೇ ತಾರೀಖಿನ ಪತ್ರದಲ್ಲಿ ತಿಳಿಸಿದೆ ಎಂದು ಲಾಂಗ್‌ಡೆನ್ ಕಚೇರಿ ಉತ್ತರ ಕೊಟ್ಟಿತು. ಯಾವ ಪತ್ರವೂ ಬಂದಿಲ್ಲ ಎಂದು ಇವರು. ಕಳಿಸಿದ್ದೇವೆ ಎಂದು ಅವರು. ಕಳಿಸಿಲ್ಲ, ಸುಳ್ಳು ಹೇಳುತ್ತಾರೆ ಎಂದೇ ಊರೆಲ್ಲ ನಂಬಿತು. ಕ್ಲಿಫ್ ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ. ಬೆರಿಲ್‌ಳನ್ನು ಮಾತ್ರ ಕೇಳಲಿಲ್ಲ. ಕೇಳಿದರೆ ಅವಳಿಗೆ ಕಷ್ಟವಾಗುತ್ತದೆ ಎಂದು.

ಜುಲೈ ಮೊದಲ ವಾರ ಕ್ರೂ ಅದೇ ಚರ್ಚಿನ ಸಭಾಂಗಣದಲ್ಲಿ ಸಭೆ ಕರೆದ. ಜನ ಅವನನ್ನು ಕೂಗಿ ಕಿಚಾಯಿಸಿದರು. ಅವನು ಚಾಲಾಕಿ ಮನುಷ್ಯ, ಬೆರಿಲ್‌ಳನ್ನು ವೇದಿಕೆಗೆ ಕರೆದ. ಈ ತಾಯಿಯ ಗಂಡನೇ ನನ್ನ ಎದುರಾಳಿ, ಆದರೂ ಗಂಡನಿಗೂ ಒಂದು ಮಾತು ಬಿಟ್ಟುಕೊಡಲಿಲ್ಲ ಎಂದು ಲಾಂಗ್‌ಡೆನ್ ಸಾಹೇಬರು ಹೇಳಿದ್ದಾರೆ, ಇಂಥವರು ಇರುವವರೆಗೆ ಈ ಕ್ಲಬ್ಬಿಗೆ ಏನೂ ಆಗುವುದಿಲ್ಲ, ಇವರ ಕೆಲಸ ಇವರಿಗೇ ಖಾಯಂ ಎಂದ. ಸಭೆ ಎದ್ದು ನಿಂತಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಕ್ಲಿಫ್. ಬೆರಿಲ್ ವೇದಿಕೆಯ ಮೇಲೆ ತನ್ನ ಬೂಟು ನೋಡುತ್ತ ನಿಂತಿದ್ದಳು.

ಅದಾಗಿ ಎರಡು ವಾರಕ್ಕೆ, ಶೆಡ್ಡನ್ನು ಕೆಡವುತ್ತೇವೆ, ನಿಮ್ಮ ಸಾಮಾನು ತೆಗೆದುಕೊಂಡು ಹೋಗಿ ಎಂದು ಕ್ರೂ ಸಂಘಕ್ಕೆ ಹೇಳಿ ಕಳಿಸಿದ. ಈಗ ಕೀಲಿಕೈ ಕೊಡಲು ಯಾವ ಅಡ್ಡಿಯೂ ಇರಲಿಲ್ಲ. ಬೆರಿಲ್ ಅದನ್ನು ಬೆಳಿಗ್ಗೆ ಕ್ಲಿಫ್ ಕೈಯಲ್ಲೇ ಇಟ್ಟಳು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ಸ್ವಲ್ಪ ಹೊತ್ತು ನೋಡಿದನಂತೆ. ಹಿತ್ತಾಳೆಯ ಸಣ್ಣ ಕೀಲಿಕೈ, ತಲೆಯ ಹತ್ತಿರ ಹಸಿರು ಬಣ್ಣ ಬಳಿದದ್ದು.

ಮಫ್ಲರಿನ ಪೆಟ್ಟಿಗೆ ಹೊರಲು ನಾನೂ ಅವನ ಜೊತೆ ಹೋದೆ. ಬೀಗ ತೆಗೆದರೂ ಬಾಗಿಲು ತೆರೆಯಲಿಲ್ಲ, ಒಳಗೆ ಏನೋ ಅಡ್ಡ. ಭುಜ ಕೊಟ್ಟು ತಳ್ಳಿದಾಗ ಗೇಣು ಸಂದು ಬಿಟ್ಟಿತು. ಬಾಗಿಲಿನ ಸೀಳಿನಿಂದ ಮೂರು ತಿಂಗಳು ಬಿದ್ದ ಟಪಾಲು. ಪಿಜ್ಜಾ ಅಂಗಡಿಯ ಕರಪತ್ರ, ಕರೆಂಟ್ ಬಿಲ್ಲು, ಯಾವನೋ ಮುದುಕ ಚಂದಾ ಎಂದು ಕಳಿಸಿದ್ದ ಐದು ಪೌಂಡಿನ ನೋಟು, ಅದರ ಕೆಳಗೆ ಒಂದು ಬಿಳಿ ಲಕೋಟೆ. ಅದರ ಮೇಲಿನ ಬರಹ ನೋಡಿ ಕ್ಲಿಫ್ ಅಲ್ಲೇ ಕುಕ್ಕರಿಸಿದ. ಮೂವತ್ತೆಂಟು ವರ್ಷ ಅಂಗಡಿ ಸಾಮಾನಿನ ಚೀಟಿ ಬರೆದ ಕೈ ಅದು. ಅಂಚೆ ಮುದ್ರೆ ಜೂನ್ ಎರಡು. ಬಿಡಿಸಿ ಓದಿದ. ಓದಿ ನನ್ನ ಕೈಗೆ ಕೊಟ್ಟ. ನಾನು ಓದುವಾಗ ಅವನು ಅಂಗೈಯಲ್ಲಿದ್ದ ಕೀಲಿಕೈಯನ್ನೇ ನೋಡುತ್ತಿದ್ದ.

ಪೆಟ್ಟಿಗೆಗಳನ್ನು ಅಲ್ಲೇ ಬಿಟ್ಟು ಮನೆಗೆ ಬಂದೆವು. ಬೆರಿಲ್ ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಬಿಡಿಸುತ್ತಿದ್ದಳು. ಕ್ಲಿಫ್ ಲಕೋಟೆಯನ್ನು ಅವಳ ಮುಂದಿಟ್ಟು, ಅದರ ಮೇಲೆ ಕೀಲಿಕೈ ಇಟ್ಟ. ನಾನು ಬಾಗಿಲಲ್ಲೇ ನಿಂತೆ. ಈಗಲಾದರೂ ಜಗಳವಾಡಲಿ, ತಟ್ಟೆ ಒಡೆಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಆವತ್ತು ಇಟ್ಟಿದ್ದು ಇದನ್ನೇನಾ?"

"ಹೂಂ."

"ನಾನು ಕಚೇರಿದು ಅಂದ್ಕೊಂಡೆ."

"ಇಷ್ಟೇನಾ ಅಂತ ಕೇಳ್ದೆ ಕ್ಲಿಫ್," ಎಂದಳು ಬೆರಿಲ್. "ಎರಡು ಸಲ ಕೇಳ್ದೆ. ಇನ್ನೂ ನಲವತ್ತು ನಿಮಿಷ ಇತ್ತು. ಬ್ಯಾಂಕು ಎದುರಿಗೇ ಇತ್ತು."

ನಲವತ್ತು ನಿಮಿಷದಲ್ಲಿ ಏನೂ ಆಗುತ್ತಿರಲಿಲ್ಲ. ಅದು ಮೂವರಿಗೂ ಗೊತ್ತಿತ್ತು. ಆದರೂ ಅವಳು ಆ ನಲವತ್ತು ನಿಮಿಷವನ್ನೇ ಹಿಡಿದುಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕ್ಲಿಫ್ ಕುರ್ಚಿ ಎಳೆದು ಅವಳ ಪಕ್ಕ ಕೂತ. ಒಂದು ಬಟಾಣಿ ಕೋಡು ತೆಗೆದುಕೊಂಡು ಬಿಡಿಸದೇ ಕೈಯಲ್ಲಿ ಹಿಡಿದು ಹೇಳಿದ.

"ಮೂವತ್ತೆಂಟು ವರ್ಷದಲ್ಲಿ ನೀನು ಒಂದೇ ಒಂದು ಸಲ ನಿಯಮ ಮುರಿದೆ. ನಾನು ಅದನ್ನೂ ಹಾಳು ಮಾಡ್ದೆ."

ಶೆಡ್ಡಿದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಬೆರಿಲ್ ಅದೇ ತಿಂಗಳು ಗೊಂಚಲು ಒಪ್ಪಿಸಿ ಕೆಲಸ ಬಿಟ್ಟಳು. ಆರೋಗ್ಯದ ಕಾರಣ ಎಂದು ಬರೆದುಕೊಟ್ಟಳು. ಜೀವನದಲ್ಲಿ ಅವಳು ಬರೆದ ಸುಳ್ಳು ಅದೊಂದೇ ಇರಬೇಕು. ಕ್ಲಿಫ್ ಈಗಲೂ ಶನಿವಾರ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಮೈದಾನಕ್ಕೆ ಹೋಗುತ್ತಾನೆ. ಈಗ ಅವಳೂ ಅವನ ಪಕ್ಕ ಕೂರುತ್ತಾಳೆ. ಅವರ ಹಿಂದಿನ ಸಾಲಿನಲ್ಲಿ ನಾನು.

ಒಂದು ವಿಷಯ ಅವಳು ಆಗಾಗ ಕೇಳುತ್ತಾಳೆ. ಕೀಲಿಕೈ ವಾಪಸು ಹಾಕಿದ ಮೇಲೆ ಅವನಿಗೆ ಒಂದು ಸಲವಾದರೂ ಅನುಮಾನ ಬರಲಿಲ್ಲವೇ, ಯಾರ ಹತ್ತಿರವಾದರೂ ಹೇಳಿಕೊಂಡಿದ್ದರೆ ಅವರಾದರೂ ಬುದ್ಧಿ ಹೇಳುತ್ತಿದ್ದರಲ್ಲ ಎಂದು. ನಾನು ಕಾಫಿ ಲೋಟ ತೊಳೆಯುತ್ತ ಹೌದು ಹೌದು ಎನ್ನುತ್ತೇನೆ. ಅವತ್ತು ಬೇಲಿ ಹತ್ತಿರ ಅವನ ಕೈ ಹಿಡಿದು ಒಳ್ಳೇ ಕೆಲಸ ಮಾಡಿದ್ರಿ ಎಂದವಳು ನಾನು ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಕ್ಲಿಫ್ ಹೇಳಿಲ್ಲ.